ತಾಈ ಅಂದರೆ ತಾಯಿಯಲ್ಲ

ಹೋದ ವಾರ ಭವಾನಿ ಪೇಟೆಯ ಕಡೆ ಹೋಗುವ ಕೆಲಸ ಬಿತ್ತು. ನಾನು ಕಲಿಸುವ ಹೆಣ್ಣುಮಕ್ಕಳ ಸಾಲೆಗೆ ಮಳೆಗಾಲದಲ್ಲಿ ಹಾಸಲು ಗೋಣಿತಟ್ಟು ಬೇಕಾಗಿತ್ತು, ಹಳೆಯ ಚೀಲ ಅಲ್ಲಿ ಸೋವಿ ಸಿಗುತ್ತವೆ. ಓಣಿ ತಿರುಗುತ್ತಲೇ ಮೆಣಸಿನಕಾಯಿ ಘಾಟು ಮೂಗಿಗೆ ಹೊಡೆಯಿತು. ಜೊತೆಗಿದ್ದ ಸಾಲೆಯ ಆಯಾ ಸೆರಗು ಮೂಗಿಗೆ ಹಿಡಿದು ಆರು ಸಲ ಸೀನಿದಳು. ನಾನು ಸೀನಲಿಲ್ಲ, ಕಣ್ಣಲ್ಲಿ ಮಾತ್ರ ನೀರು ಸುರಿಯಲಿಕ್ಕೆ ಹತ್ತಿತು. ಅವಳು ನನ್ನ ಮುಖ ನೋಡಿ, ಬಾಈ, ನಿಮಗೂ ಖಾರ ಹತ್ತಿತೇನು ಎಂದು ಮರಾಠಿಯಲ್ಲಿ ಕೇಳಿದಳು. ಹೌದು, ಖಾರ ಎಂದೆ. ಹನ್ನೆರಡು ವರ್ಷದ ಹಿಂದೆ ಇದೇ ಓಣಿಯಲ್ಲಿ ಒಂದು ಮಳೆಗಾಲವಿಡೀ ನಾನು ಇದೇ ಉತ್ತರ ಕೊಟ್ಟಿದ್ದೆ.

ನನ್ನ ಗಂಡನ ಮನೆಯವರು ಬ್ಯಾಡಗಿಯ ಕಡೆಯವರು. ಹಿರಿಯ ಮಗ, ಅಂದರೆ ನನ್ನ ಭಾವ, ಪುಣೆಗೆ ಬಂದು ಭವಾನಿ ಪೇಟೆಯಲ್ಲಿ ಮೆಣಸಿನಕಾಯಿ ಅಡತಿ ಇಟ್ಟಿದ್ದರು. ಕೆಳಗೆ ಮಾಲು, ಮೇಲೆ ಮನೆ. ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕೆ, ಖಾರಕ್ಕಲ್ಲ, ಎಳೆ ಕೂಸಿಗೂ ಉಣಿಸಬಹುದು ಎಂದು ಗಿರಾಕಿಗಳಿಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಕಿರಿಯ ಮಗ ನಮ್ಮವರು. ಮ್ಯಾಟ್ರಿಕ್ ಪಾಸಾಗಿದ್ದರು, ಹೀಗಾಗಿ ಮೆಣಸಿನಕಾಯಿ ಚೀಲದ ಮೇಲೆ ಕೂಡುವುದು ಅವರಿಗೆ ಸೇರಲಿಲ್ಲ. ದಂಡಿನ ಕಚೇರಿಯಲ್ಲಿ ಕಾರಕೂನರಾಗಿ ಸೇರಿದರು. ನಮ್ಮ ಮದುವೆಯಾದ ವರ್ಷವೇ ಅವರನ್ನು ಕ್ವೆಟ್ಟಾಕ್ಕೆ ಬದಲಿ ಮಾಡಿದರು. ಹೊರಡುವ ಮುಂಚೆ ಊರಿಗೆ ಹೋದಾಗ ಅತ್ತೆ ಕೇಳಿದ್ದರು:

"ಕಾಶಿಗಿಂತ ದೂರ ಏನೋ ಅದು?"

"ಕಾಶಿಗಿಂತ ದೂರ ಯವ್ವಾ."

"ಹಂಗಾದ್ರ ಯಾಕ ಹೋಗಬೇಕು? ಅಷ್ಟು ದೂರ ಹೋಗಿ ಪುಣ್ಯೇನೂ ಬರೂದಿಲ್ಲ."

ನಮ್ಮ ಸುಮಿ ಹುಟ್ಟಿದ್ದು ಕ್ವೆಟ್ಟಾದಲ್ಲಿ. ಅತ್ತೆ ಅವಳನ್ನು ನೋಡಲೇ ಇಲ್ಲ. ರಜೆ ಸಿಕ್ಕರೆ ದುಡ್ಡಿಲ್ಲ, ದುಡ್ಡಿದ್ದರೆ ರಜೆ ಇಲ್ಲ, ಹೀಗೇ ಎರಡೂವರೆ ವರ್ಷ ಕಳೆದವು. ಅವರು ಊರಿನ ಮಾಸ್ತರರ ಕೈಯಿಂದ ಬರೆಸಿ ಹಾಕುತ್ತಿದ್ದ ಪ್ರತಿ ಕಾಗದದಲ್ಲೂ ಒಂದೇ ತಕರಾರು: ಕೂಸಿಗೆ ಇನ್ನೂ ಲಿಂಗ ಕಟ್ಟಿಸಿಲ್ಲ. ನಮ್ಮಲ್ಲಿ ಮಗು ಹುಟ್ಟುತ್ತಲೇ ಅಯ್ಯನವರನ್ನು ಕರೆಸಿ ಲಿಂಗ ಕಟ್ಟಿಸುತ್ತಾರೆ, ಆಗಲೇ ಕೂಸು ನಮ್ಮದಾಗುವುದು. ಕ್ವೆಟ್ಟಾದಲ್ಲಿ ಅಯ್ಯನವರನ್ನು ಎಲ್ಲಿಂದ ತರಲಿ? ಅತ್ತೆ ಮೊಮ್ಮಗಳಿಗೆಂದು ಬೆಳ್ಳಿಯ ಪುಟ್ಟ ಕರಡಿಗೆ ಮಾಡಿಸಿ, ಲಿಂಗ ಅದರೊಳಗಿಟ್ಟು, ಬಂದ ದಿನ ಕಟ್ಟಿಸೋಣವೆಂದು ಕಾದಿದ್ದರು.

ಕ್ವೆಟ್ಟಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಸಾಸವಡದ ಒಂದು ಮರಾಠಿ ಸಂಸಾರ ಇತ್ತು. ಗಂಡ ನಮ್ಮವರ ಕಚೇರಿಯಲ್ಲೇ ಇದ್ದರು. ಹೆಂಡತಿ ಮಾಲತಿಯನ್ನು ನಾನು ವಹಿನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ಅವರ ಮಗಳು ಶಕು ಸುಮಿಗಿಂತ ನಾಲ್ಕು ತಿಂಗಳು ದೊಡ್ಡವಳು. ನನ್ನನ್ನು ತಾಈ ಎಂದು ಕರೆ ಅಂತ ವಹಿನಿ ಅವಳಿಗೆ ಕಲಿಸಿದ್ದಳು. ಮರಾಠಿಯಲ್ಲಿ ತಾಈ ಅಂದರೆ ಅಕ್ಕ. ಮೊದಲ ಸಲ ಕೇಳಿದಾಗ ನನಗೆ ನಗು ಬಂತು. ಅವರ ತಾಈ ನಮ್ಮ ಕಿವಿಗೆ ತಾಯಿ. ಅವರ ಆಈ ಅಂದರೆ ಹಡೆದವ್ವ, ನಮ್ಮ ಆಯಿ ಅಂದರೆ ಅಜ್ಜಿ. "ನಮ್ಮ ಮನೀಗೆ ಬಂದ್ರ ನಿಮ್ಮ ಹುಡುಗಿ ಎಲ್ಲಾರನ್ನೂ ಒಂದೊಂದು ಮೆಟ್ಟಲಾ ಮ್ಯಾಲೆ ಏರಸ್ತಾಳ" ಎಂದು ನಾನು ನನ್ನ ಹರಕು ಮರಾಠಿಯಲ್ಲಿ ಹೇಳಿದಾಗ ವಹಿನಿ ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು.

ಮೇ ತಿಂಗಳ ಕೊನೆಗೆ ಒಂದು ರಾತ್ರಿ ಎರಡೂ ಹುಡುಗಿಯರು ಗೊಂಬೆ ಮದುವೆ ಆಡಿ ಆಡಿ ಬಿಟ್ಟಿರಲಾರದೆ ನಮ್ಮ ಮನೆಯಲ್ಲೇ ಮಲಗಿದರು. ಸುಮಿ ಯಾವಾಗಲೂ ನನ್ನ ಬಲಕ್ಕೆ ಮಲಗುವವಳು. ಶಕು ಗೋಡೆಯ ಪಕ್ಕ ಅಂಜಿಕೆ ಅಂದಳು. ಬೇರೆಯವರ ಮಗು, ರಾತ್ರಿ ಎದ್ದು ಅತ್ತರೆ ಎಂದು ನಾನೇ ಸುಮಿಯನ್ನು ಎತ್ತಿ ಗೋಡೆಯ ಕಡೆ ಹಾಕಿ ಶಕುವನ್ನು ಬಲಕ್ಕೆ ತಗೊಂಡೆ. ಇದನ್ನು ಇಲ್ಲಿಯವರೆಗೆ ಇಬ್ಬರಿಗೆ ಮಾತ್ರ ಹೇಳಿದ್ದೇನೆ.

ಬೆಳಗಿನ ಜಾವಕ್ಕೆ ಮೊದಲು ನೆಲದ ಕೆಳಗೆ ಗಾಡಿ ಓಡಿದಂಥ ಸಪ್ಪಳ ಬಂತು. ಎದ್ದು ಕೂಡುವಷ್ಟೂ ಪುರಸತ್ತು ಸಿಗಲಿಲ್ಲ. ಜೋಳ ಕೇರಿದ ಹಾಗೆ ಭೂಮಿ ಮನೆಯನ್ನು ಎತ್ತಿ ಎತ್ತಿ ಕೇರಿತು, ಆಮೇಲೆ ಮೇಲಿದ್ದದ್ದೆಲ್ಲ ಕೆಳಗೆ ಬಂತು. ಒಂದು ತೊಲೆ ನನ್ನ ಹೆಗಲ ಮೇಲೆ ಬಿದ್ದು ಅಡ್ಡಡ್ಡ ಸಿಕ್ಕಿಕೊಂಡಿತು, ಅದೇ ನನ್ನನ್ನು ಉಳಿಸಿತು ಎಂದು ಆಮೇಲೆ ಹೇಳಿದರು. ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ ಕತ್ತಲು. ಬಾಯಿ ತುಂಬ ಸುಣ್ಣ, ಮಣ್ಣು. ಬಲಕ್ಕೆ ಕೈ ಚಾಚಿದರೆ ಒಂದು ಪುಟ್ಟ ಕೈ ಸಿಕ್ಕಿತು. ಬೆಚ್ಚಗಿತ್ತು. ಹಿಡಿದುಕೊಂಡೆ.

ಎಷ್ಟು ಹೊತ್ತು ಹಿಡಿದಿದ್ದೆನೋ ಗೊತ್ತಿಲ್ಲ. ತಾಸುಗಟ್ಟಲೆ ಇರಬೇಕು. ಸುಮಿ, ಅಂಜಬ್ಯಾಡ, ಅವ್ವ ಇದ್ದೀನಿ, ಅಪ್ಪ ಬರ್ತಾರ ಎಂದು ಹೇಳುತ್ತಲೇ ಇದ್ದೆ. ಅಪ್ಪ ಹೊರಗಿನ ಕೋಣೆಯಲ್ಲಿ ಮಲಗಿದ್ದರು. ಅಲ್ಲಿಂದ ಒಂದು ಶಬ್ದವೂ ಬರಲಿಲ್ಲ. ಕೂಸು ಮಾತಾಡಲಿಲ್ಲ, ಆದರೆ ನಾನು ಒತ್ತಿದಾಗ ತಿರುಗಿ ಬೆರಳು ಒತ್ತುತ್ತಿತ್ತು. ಬೆಳಕಾದ ಮೇಲೆ ಸಿಪಾಯಿಗಳು ಬಂದು ಮೇಲಿನ ಮಣ್ಣು ತೆಗೆದರು. ಒಂದು ಕಿಂಡಿಯಷ್ಟು ಬಿಸಿಲು ಒಳಗೆ ಬಿತ್ತು. ಆಗ ನನ್ನ ಕೈಯಲ್ಲಿದ್ದ ಕೂಸು ಬಾಯೊಳಗಿನ ಮಣ್ಣು ಉಗುಳಿ ಹೇಳಿತು: "ತಾಈ, ಪಾಣೀ."

ಸುಮಿ ನನ್ನನ್ನು ಅವ್ವ ಎನ್ನುತ್ತಿದ್ದಳು. ನನ್ನ ಮಗಳು ಇಲ್ಲವಾದದ್ದು ನನಗೆ ಗೊತ್ತಾದದ್ದು ಹೀಗೆ, ಇನ್ನೊಂದು ಕೂಸು ನೀರು ಕೇಳಿದ್ದರಿಂದ.

ನಮ್ಮವರು, ಸುಮಿ, ಪಕ್ಕದ ಮನೆಯ ಗಂಡ ಹೆಂಡತಿ, ನಾಲ್ವರೂ ಹೋದರು. ಬಯಲಿನಲ್ಲಿ ಡೇರೆ ಹಾಕಿ ನಮ್ಮನ್ನೆಲ್ಲ ಇಟ್ಟರು. ಹೆಗಲ ಮೂಳೆ ಮುರಿದು ಜ್ವರ ಏರಿ ನಾನು ಎರಡು ದಿನ ಎಚ್ಚರ ತಪ್ಪಿದ್ದೆ. ಶಕು ನನ್ನ ಸೀರೆಯ ಚುಂಗು ಹಿಡಿದು ಪಕ್ಕದಲ್ಲೇ ಇದ್ದಳಂತೆ. ಹೆಸರು ಬರೆದುಕೊಳ್ಳಲು ಬಂದ ಕಾರಕೂನ ಬೆಂಗಳೂರಿನ ಕಡೆಯವನು. ಜ್ವರದಲ್ಲಿ ನಾನು ಕನ್ನಡ ಬಡಬಡಿಸಿದ್ದು ಕೇಳಿ ಅವನಿಗೆ ಸಂತೋಷವಾಗಿತ್ತು. ಕೂಸನ್ನು, ಇವರು ನಿನಗೆ ಏನಾಗಬೇಕು ಪುಟ್ಟಿ ಎಂದು ಕೇಳಿದ್ದಾನೆ. ಕೂಸು ತಾಈ ಎಂದಿದೆ. ಅವನು ಬರೆದುಕೊಂಡಿದ್ದಾನೆ. ಮರಾಠಿ ಬಲ್ಲವನಾಗಿದ್ದರೆ ಅಕ್ಕ ಎಂದು ಬರೆಯುತ್ತಿದ್ದ, ಪಂಜಾಬಿಯಾಗಿದ್ದರೆ ಮತ್ತೊಮ್ಮೆ ಕೇಳುತ್ತಿದ್ದ. ನಮ್ಮವನೇ ಆಗಿದ್ದರಿಂದ ತಪ್ಪಿದ.

ಆದರೆ ತಪ್ಪನ್ನೆಲ್ಲ ಅವನ ತಲೆಗೆ ಕಟ್ಟಿದರೆ ನನ್ನ ನಾಲಿಗೆ ಬಿದ್ದು ಹೋದೀತು. ನಾಲ್ಕನೆಯ ದಿನ ಅವನು ಮತ್ತೆ ಬಂದು ಓದಿ ತೋರಿಸಿದ. ಗಂಡ ತೀರಿಕೊಂಡಿದ್ದಾರೆ, ಹೆಂಡತಿ ಮತ್ತು ಮಗಳು ಉಳಿದಿದ್ದಾರೆ.

"ಪುಣೆಗೆ ತಂತಿ ಕೊಡ್ತೀನಿ. ಸರಿಯಾಗಿದೆಯಾ ಅಮ್ಮಾ?"

ಆಚೆ ಒಂದು ಡೇರೆ ಇತ್ತು. ಯಾರೂ ಇಲ್ಲದ ಮಕ್ಕಳನ್ನು ಅಲ್ಲಿ ಇಟ್ಟಿದ್ದರು. ಅಳು ಇಲ್ಲಿಯವರೆಗೆ ಕೇಳುತ್ತಿತ್ತು. ಶಕುವಿನ ಕೈ ನನ್ನ ಕೈಯಲ್ಲಿತ್ತು, ಮತ್ತು ಆ ಕೈಯನ್ನು ಬಿಡುವುದು ನನಗೆ ಸಾಧ್ಯವಿರಲಿಲ್ಲ. ನಾನು ಹೂಂ ಎಂದೆ. ಪಕ್ಕದ ಮನೆಯ ಮೂವರೂ ಸತ್ತವರ ಪಟ್ಟಿ ಸೇರಿದರು.

ಪುಣೆಯ ಸ್ಟೇಷನ್ನಿಗೆ ಭಾವ ಬಂದಿದ್ದರು. ಅವರು ನನ್ನ ಕಡೆ ನೋಡಲಾರದೆ ಕೂಸಿನ ತಲೆ ಸವರಿದರು. ತಂತಿ ತಲುಪಿದ ಮೇಲೆ ಅತ್ತೆ ಬ್ಯಾಡಗಿಯಿಂದ ಬಂದು ಮೂಲೆ ಹಿಡಿದವರು, ವಾರದಿಂದ ನೀರು ಬಿಟ್ಟು ಏನೂ ಮುಟ್ಟಿಲ್ಲ ಎಂದು ಟಾಂಗಾದಲ್ಲಿ ಹೇಳಿದರು. ಮೆಟ್ಟಿಲು ಏರಿ ಒಳಗೆ ಹೋಗುತ್ತಲೇ ಹೊಸ ಜಾಗಕ್ಕೆ ಅಂಜಿದ ಶಕು ನನ್ನ ಕೊರಳು ತಬ್ಬಿ, ತಾಈ, ತಾಈ ಎಂದು ಅಳತೊಡಗಿದಳು. ಅತ್ತೆ ಗೋಡೆ ಹಿಡಿದು ಎದ್ದು ಬಂದರು.

"ತಾಯಿ ತಾಯಿ ಅಂತದ ನೋಡ್ರಿ ಕೂಸು. ಕೊಡವಾ ಇಲ್ಲೆ."

ಕೊಟ್ಟೆ. ಅತ್ತೆ ಅವಳ ಮುಖ ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು.

"ಮೂಗು ನೋಡ್ರಿ. ಅವಂದಽ ಮೂಗು. ಎಲ್ಲೀದೂ ಹೋಗಿಲ್ಲ ನನ್ನ ಮಗ."

ಆ ದಿನ ಅವರು ಕೂಸಿಗೆ ತಿನ್ನಿಸುತ್ತ ತಾವೂ ಅರ್ಧ ರೊಟ್ಟಿ ತಿಂದರು. ನನ್ನ ಬಳೆ ಒಡೆಯುವ ಶಾಸ್ತ್ರವೂ ಉಳಿದಿರಲಿಲ್ಲ, ತೊಲೆ ಬಿದ್ದಾಗಲೇ ಒಡೆದು ಹೋಗಿದ್ದವು. ನಾನು ಬರಿಗೈಯಲ್ಲಿ ಕೂತು, ಈಗ ಹೇಳಲೋ ನಾಳೆ ಹೇಳಲೋ ಎಂದುಕೊಳ್ಳುತ್ತ ಅವರು ರೊಟ್ಟಿ ಅಗಿಯುವುದನ್ನು ನೋಡಿದೆ. ನಾಳೆ ಎಂದುಕೊಂಡೆ. ಮಾತಾಡಿಸಲು ಬರುವವರೆಲ್ಲ, ಕೂಸರೆ ಉಳೀತಲ್ಲ ನೀಲವ್ವ, ಅದರ ಮುಖ ನೋಡಿ ಇರು ಎನ್ನುತ್ತಿದ್ದರು. ಹೌದ್ರಿ ಎನ್ನುತ್ತಿದ್ದೆ. ಗಂಡನಿಗಾಗಿ ಅಳಲು ಎಲ್ಲರೂ ಅಪ್ಪಣೆ ಕೊಟ್ಟಿದ್ದರು. ಸುಮಿಗಾಗಿ ಅಳುವ ಹಾಗಿರಲಿಲ್ಲ, ಸುಮಿ ಎದುರಿಗೇ ಅತ್ತೆಯ ತೊಡೆಯ ಮೇಲೆ ಕೂತು ಬೆಲ್ಲ ತಿನ್ನುತ್ತಿದ್ದಳಲ್ಲ.

ನನಗೆ ದಾರಿ ತೋರಿಸಿದ್ದು ಮೆಣಸಿನಕಾಯಿ. ಪುಣೆಯ ಮಳೆ ನಮ್ಮ ಕಡೆಯ ಮಳೆಯಂತೆ ಬಡಿದು ಹೋಗುವುದಿಲ್ಲ, ಜಿಟಿಜಿಟಿ ಎಂದು ದಿನಗಟ್ಟಲೆ ಹಿಡಿಯುತ್ತದೆ. ಮಾಲಿಗೆ ಬೂಸರು ಬರಬಾರದೆಂದು ಕೆಳಗಿನ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಚೀಲ ಬಿಚ್ಚಿ ಹರವಿ, ತೊಟ್ಟು ಮುರಿಯುತ್ತಾರೆ. ಕೂಲಿ ಹೆಂಗಸರು ಮಧ್ಯಾಹ್ನಕ್ಕೆ ಎದ್ದು ಹೋದ ಮೇಲೆ ನಾನು ಒಬ್ಬಳೇ ಅಲ್ಲಿ ಕೂಡುತ್ತಿದ್ದೆ. ಹೆಗಲು ನೋಯುತ್ತಿತ್ತು, ಕೈ ಉರಿಯುತ್ತಿತ್ತು. ಒಂದೊಂದು ತೊಟ್ಟು ಮುರಿದಾಗಲೂ ಸುಮಿಯ ಒಂದೊಂದು ಮಾತು ನೆನೆದು ಅಳುತ್ತಿದ್ದೆ. ಮೇಲೆ ಬಂದಾಗ ಯಾರಾದರೂ ಕೇಳಿದರೆ ಖಾರ ಎಂದರೆ ಸಾಕಾಗುತ್ತಿತ್ತು. ಆ ಕೋಣೆಯಿಂದ ಬಂದವರ ಕಣ್ಣು ಕೆಂಪಗಿರುವುದು ಆ ಮನೆಯಲ್ಲಿ ರೂಢಿ. ನೆಗೆಣ್ಣಿ, ಅಂದರೆ ಭಾವನ ಹೆಂಡತಿ ಶಾಂತಕ್ಕ, ಒಮ್ಮೊಮ್ಮೆ ಬಾಗಿಲಲ್ಲಿ ನಿಂತು, "ಸಾಕು ಏಳವಾ, ಇಷ್ಟ್ಯಾಕ ಮುರೀತಿ" ಎಂದು ಹೋಗುತ್ತಿದ್ದಳು.

ಶಕು ಮೊದಮೊದಲು ಕೇಳುತ್ತಿದ್ದಳು: "ಸುಮೀ ಕುಠೇ ಆಹೇ?" ಸುಮಿ ಎಲ್ಲಿದ್ದಾಳೆ ಎಂದು. ಅತ್ತೆಗೆ ಮರಾಠಿ ಬಾರದು, ಸುಮಿ ಎಂಬ ಹೆಸರಷ್ಟೇ ಕೇಳಿಸಿ ನಗುತ್ತಿದ್ದರು. "ಸುಮಿ ಇಲ್ಲೇ ಅದಾಳಲ್ಲ, ನೀನಽ ಸುಮಿ." ಪಕ್ಕದ ಮನೆಯವರ ಜೊತೆ ಬೆಳೆದು ಕೂಸಿಗೆ ಮರಾಠಿ ಹತ್ತಿದೆ ಎಂದು ನಾನು ಸುಳ್ಳಿಗೊಂದು ಗೋಡೆ ಕಟ್ಟಿದ್ದೆ. ಶಕು ಆಮೇಲೆ ಕೇಳುವುದನ್ನು ಬಿಟ್ಟಳು. ಸುಮಿ ಎಂದು ಕರೆದರೆ ತಿರುಗಿ ನೋಡತೊಡಗಿದಳು. ನಾನು ಮಾತ್ರ ಅವಳನ್ನು ಹೆಸರು ಹಿಡಿದು ಕರೆಯಲಿಲ್ಲ. ಸುಮಿ ಎನ್ನಲು ಬಾಯಿ ಬರಲಿಲ್ಲ, ಶಕು ಎನ್ನಲು ಧೈರ್ಯ ಬರಲಿಲ್ಲ. ಬಾ, ತಿನ್ನು, ಮಲಗು, ಇಷ್ಟೇ.

ಆಷಾಢದ ಮುಂಚೆ ಪಾಲಕಿ ಬಂತು. ಪಂಢರಪುರಕ್ಕೆ ಹೋಗುವ ವಾರಕರಿಗಳು ಭವಾನಿ ಪೇಟೆಯಲ್ಲೇ ಇಳಿಯುತ್ತಾರೆ, ಆ ಎರಡು ದಿನ ಓಣಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಾನು ಕಟ್ಟೆಯ ಮೇಲೆ ಕೂಸನ್ನು ಎತ್ತಿಕೊಂಡು ನಿಂತಿದ್ದೆ. ತಲೆಯ ಮೇಲೆ ತುಳಸಿ ಹೊತ್ತ ಒಬ್ಬ ಮುದುಕಿ ಹಸಿರು ಸೀರೆ ಉಟ್ಟು ಹೋಗುತ್ತಿದ್ದಳು. ಶಕು ನನ್ನ ಕೈಯಿಂದ ಜಾರಿ, "ಆಜೀ" ಎಂದು ಕೂಗುತ್ತ ಗುಂಪಿನೊಳಗೆ ಓಡಿದಳು. ನಾನು ಬಿದ್ದೆದ್ದು ಹಿಂದೆ ಓಡಿದೆ. ಮುದುಕಿ ತಿರುಗಿ ಕೂಸಿನ ಕೆನ್ನೆ ಸವರಿ, ನಾನಲ್ಲ ಕಂದಾ, ನಿನ್ನ ಆಜಿ ಎಲ್ಲಿರುತ್ತಾಳೆ ಎಂದಳು. ನಾಳೆ ನಾವು ಸಾಸವಡಕ್ಕೆ, ಬರುತ್ತೀಯೇನು ಎಂದು ಚೇಷ್ಟೆಯನ್ನೂ ಮಾಡಿದಳು. ಸಾಸವಡ ಎಂಬ ಹೆಸರು ಕೇಳುತ್ತಲೇ ನಾನು ಕೂಸನ್ನು ಕಸಿದುಕೊಂಡು ಮೇಲೆ ಬಂದು ಬಾಗಿಲು ಹಾಕಿದೆ. ಗೋಡೆ ಬಿದ್ದಾಗ ಇಷ್ಟು ಅಂಜಿರಲಿಲ್ಲ. ಸೋಪಾನದೇವರ ಗುಡಿಯ ಹಿಂದೆ ಶಕುವಿನ ಅಜ್ಜಿಯ ಮನೆ ಎಂದು ವಹಿನಿ ಎಷ್ಟೋ ಸಲ ಹೇಳಿದ್ದಳು, ಹಿಂದಿನ ದೀಪಾವಳಿಗೆ ಶಕುವನ್ನು ಅಲ್ಲಿಗೆ ಕರೆದುಕೊಂಡೂ ಹೋಗಿದ್ದಳು. ಮಗ, ಸೊಸೆ, ಮೊಮ್ಮಗಳು ಮೂವರೂ ಹೋದರೆಂದು ನಂಬಿ ಆ ಮುದುಕಿ ಅಲ್ಲಿ ಒಬ್ಬಳೇ ಕೂತಿದ್ದಾಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮತ್ತೊಂದು ತಿಂಗಳು ಸುಮ್ಮನಿದ್ದೆ.

ಒಂದು ಮಧ್ಯಾಹ್ನ ಶಕು ಮಲಗಿದವಳು ನಿದ್ದೆಯಲ್ಲಿ ಬೆಚ್ಚಿ "ಆಈ" ಎಂದು ಅತ್ತಳು. ಅವಳು ಕರೆದದ್ದು ಹಡೆದವ್ವನನ್ನು. ನಮ್ಮ ಅತ್ತೆಗೆ ಕೇಳಿಸಿದ್ದು ಆಯಿ. ಕೂಸು ಮೊದಲ ಸಲ ತನ್ನನ್ನು ಕರೆಯಿತೆಂದು ಅವರಿಗೆ ಎಲ್ಲಿಲ್ಲದ ಹಿಗ್ಗು. ಮಾಡುತ್ತಿದ್ದ ಶಾವಿಗೆ ಬಿಟ್ಟು ಓಡಿ ಬಂದರು. "ಬಂದೆ ನನ್ನವ್ವ, ಆಯಿ ಬಂದ್ಲು ನೋಡು." ಶಕು ಕಣ್ಣು ಬಿಟ್ಟು ಆ ಮುಖ ನೋಡಿದಳು. ಗೋಡೆಯ ಕಡೆ ಹೊರಳಿ ಮಲಗಿದಳು. ಆ ಮೇಲೆ ಅವಳು ಆಈ ಎಂದು ಕರೆದದ್ದನ್ನು ನಾನು ಕೇಳಲಿಲ್ಲ. ಅತ್ತೆ ಮಾತ್ರ ದಿನವಿಡೀ, ಇವತ್ತು ನನ್ನ ಆಯಿ ಅಂತು ಎಂದು ಬಂದವರಿಗೆಲ್ಲ ಹೇಳಿದರು.

ಅದೇ ಹಿಗ್ಗಿನಲ್ಲಿ ಅವರು ಪೆಟ್ಟಿಗೆ ತೆಗೆದು ಬೆಳ್ಳಿಯ ಕರಡಿಗೆ ಹೊರಗಿಟ್ಟರು.

"ಶ್ರಾವಣದಾಗ ಮೊದಲನೇ ಸೋಮವಾರ ಅಯ್ಯನವರನ್ನ ಕರಸ್ರಿ. ಲಿಂಗಾ ಕಟ್ಟಿಸಿಬಿಡೋಣು. ಎರಡೂವರೆ ವರ್ಷ ತಡ ಆತು, ಇನ್ನ ಸಾಕು."

ಧರ್ಮ ಅಧರ್ಮ ನೋಡಿ ಶಕುವನ್ನು ಅವಳ ಮನೆಗೆ ಮುಟ್ಟಿಸಿದೆ ಎಂದು ಹೇಳಿಕೊಂಡರೆ ಸುಳ್ಳಾದೀತು. ಸಾಸವಡದ ಮುದುಕಿಯ ಕಣ್ಣೀರು ನನ್ನನ್ನು ಎಬ್ಬಿಸಲಿಲ್ಲ, ಕೂಸು ಗೋಡೆಗೆ ಹೊರಳಿದ್ದೂ ಪೂರ್ತಿ ಎಬ್ಬಿಸಲಿಲ್ಲ. ಆ ಕರಡಿಗೆ ನೋಡಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಅದು ಸುಮಿಯದು. ಅವಳ ಹೆಸರು ಹೋಯಿತು, ಅಜ್ಜಿಯ ತೊಡೆ ಹೋಯಿತು, ಅಳುವವರೂ ಇಲ್ಲದಂತಾಯಿತು, ಈಗ ಇದೂ ಹೋಗಬೇಕೇ? ನನ್ನ ಮಗಳು ಸತ್ತಳು ಎಂದು ಕೂಗಿ ಹೇಳಬೇಕೆನ್ನಿಸಿತು. ಸತ್ತ ಕೂಸಿನ ಪರವಾಗಿ ಬದುಕಿದ ಕೂಸಿನ ಮೇಲೆ ಮತ್ಸರಪಟ್ಟ ತಾಯಿ ನಾನು, ಏನಾದರೂ ಅನ್ನಿ.

ಶಾಂತಕ್ಕ ಒಲೆಯ ಮುಂದೆ ಇದ್ದಳು. ನಾನು ಹೋಗಿ ಕೂತೆ.

"ಅಕ್ಕಾ, ಈ ಕೂಸು..."

"ನಿಂದಲ್ಲ" ಎಂದಳು ಅವಳು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ನಾ ಪುಣೇಕ ಬಂದು ಹದಿನಾಕು ವರ್ಷಾತು ನೀಲಾ. ತಾಈ ಅಂದ್ರ ಏನಂತ ನನಗ ಗೊತ್ತಿಲ್ಲೇನು? ಮೊದಲನೇ ದಿನಾನಽ ಗೊತ್ತಾತು."

"ಮತ್ತ ಯಾಕ ಸುಮ್ಮನಿದ್ರಿ?"

"ಮರಾಠಿ ಮಂದಿ ಮನ್ಯಾಗ ಒಬ್ಬೊಬ್ಬರು ಹಡೆದಾಕೀನೂ ತಾಈ ಅಂತಾರ, ನೀ ಗಡಬಡ ಮಾಡಬ್ಯಾಡ ಅಂದ್ರು ನಿಮ್ಮ ಭಾವನವರು. ಅವರಿಗೂ ಗೊತ್ತಾಗೇದ, ನಾಟಕಾ ಮಾಡ್ತಾರ. ಯವ್ವ ಊಟಾ ಮಾಡ್ಲಿಕತ್ತಾಳ, ಸದ್ಯ ಅಷ್ಟು ಸಾಕು ಅಂದ್ರು." ರೊಟ್ಟಿ ಹಂಚಿಗೆ ಹಾಕಿ ನನ್ನ ಕಡೆ ತಿರುಗಿದಳು. "ನೀ ಯಾವಾಗ ಹೇಳತಿ ಅಂತ ಕಾಯಕೋತ ಇದ್ದೆ. ನೀ ಕೆಳಗ ಕೂತು ಅಳೂದು ಕೇಳಸ್ತಿತ್ತು."

ಮರುದಿನ ಕೂಸಿಗೆ ಗುಡಿ ತೋರಿಸಿಕೊಂಡು ಬರುತ್ತೇನೆಂದು ಅತ್ತೆಗೆ ಹೇಳಿ ಸರ್ವಿಸ್ ಮೋಟಾರು ಹತ್ತಿದೆ. ದಿವೆ ಘಾಟಿನಲ್ಲಿ ಮಂಜು ಕವಿದಿತ್ತು. ಶಕು ಕಿಟಕಿಗೆ ಮೂಗು ಒತ್ತಿ ಕೂತಿದ್ದಳು. ಇಳಿದು ಗುಡಿಯ ಹಿಂದೆ ವಿಚಾರಿಸುತ್ತ ಹೋದರೆ, ಕಟ್ಟೆಯ ಮೇಲೆ ಒಬ್ಬ ಮುದುಕಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ನಾನು ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮರಾಠಿಯಲ್ಲಿ ಜೋಡಿಸಿಕೊಂಡು ಬಂದಿದ್ದೆ. ಅದು ಬೇಕಾಗಲೇ ಇಲ್ಲ. ಮುದುಕಿ ತಲೆ ಎತ್ತಿ ನೋಡಿದಳು. ಮೊರ ಬಾಗಿ ಅಕ್ಕಿಯೆಲ್ಲ ಮಡಿಲಿಗೆ ಸುರಿಯಿತು. ಅವಳು ಕೂಗಲಿಲ್ಲ, ಅಳಲಿಲ್ಲ, ಕಂಡದ್ದು ಗಾಬರಿಪಟ್ಟು ಹಾರಿಹೋದೀತೋ ಎನ್ನುವ ಹಾಗೆ ಮೆಲ್ಲಗೆ ಕರೆದಳು:

"ಶಕೂ."

ಎರಡು ತಿಂಗಳಿಂದ ಯಾರೂ ಕರೆಯದ ಹೆಸರು. ನನ್ನ ಹಿಂದೆ ಅಡಗಿದ್ದ ಕೂಸು ಹೊರಗೆ ಬಂದು ನಿಂತಿತು. ಆಮೇಲೆ ಹೋಗಿ ಆ ಅಕ್ಕಿಯ ಮಡಿಲಲ್ಲೇ ಕೂತಿತು. ಅಜ್ಜಿ ಅವಳ ತಲೆ, ಕೈ, ಕಾಲು ಒಂದೊಂದಾಗಿ ಮುಟ್ಟಿ ನೋಡಿ, ಎಲ್ಲ ಇದೆ ಎಂದು ಖಾತ್ರಿಯಾದ ಮೇಲೆ ನನ್ನ ಕಡೆ ಬೆರಳು ಮಾಡಿ ಕೇಳಿದಳು:

"ಆಣಿ ಹೀ ಕೋಣ ಗ?" ಮತ್ತೆ ಇವಳು ಯಾರೇ ಎಂದು.

"ತಾಈ."

ಆ ಮನೆಯಲ್ಲಿ ಆ ಮಾತಿಗೆ ಇರುವ ಅರ್ಥವೇ ಇತ್ತು. ಅಜ್ಜಿ ತಲೆಯಾಡಿಸಿದಳು, ತಾಈ ಬಾ, ಕೂಡು, ಚಹಾ ಮಾಡುತ್ತೇನೆ ಎಂದಳು. ನಾನು ಕೂತೆ. ನನ್ನ ಹೂಂ ಒಂದರಿಂದಲೇ ಅವಳು ಎರಡು ತಿಂಗಳು ಮೊಮ್ಮಗಳಿಲ್ಲವೆಂದು ಅತ್ತದ್ದು ಎಂದು ಎಲ್ಲ ಬಿಡಿಸಿ ಹೇಳಿದೆ. ಜಾಗ ಬದಲಿಸಿದ್ದನ್ನೂ ಹೇಳಿದೆ. ಅವಳು ನನ್ನನ್ನು ಬಯ್ಯಲಿಲ್ಲ. ನಿನ್ನ ಮಗಳ ಜಾಗದಲ್ಲಿ ನನ್ನ ಮೊಮ್ಮಗಳು ಮಲಗಿದ್ದಳೇ ಎಂದು ಒಂದೇ ಮಾತು ಕೇಳಿದಳು. ಹೌದು ಎಂದೆ. ಹೊರಟು ನಿಂತಾಗ ಶಕು ಅಕ್ಕಿ ಆಡುತ್ತಿದ್ದಳು, ತಲೆ ಎತ್ತಲಿಲ್ಲ. ಈಗ ಅವಳಿಗೆ ಹದಿನೈದು. ವರ್ಷಕ್ಕೊಮ್ಮೆ ಅಜ್ಜಿಯ ಜೊತೆ ಪುಣೆಗೆ ಬಂದರೆ ನನ್ನಲ್ಲಿಗೂ ಬಂದು ಹೋಗುತ್ತಾಳೆ. ತಾಈ ಎಂದೇ ಕರೆಯುತ್ತಾಳೆ.

ವಾಪಸು ಬರುವಾಗ ಮೋಟಾರಿನಲ್ಲಿ ನನ್ನ ಬಲಗೈಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಕ್ವೆಟ್ಟಾದಿಂದ ಇಲ್ಲಿಯವರೆಗೆ ಅದು ಖಾಲಿ ಇದ್ದದ್ದೇ ಇಲ್ಲ. ತೊಡೆಯ ಮೇಲೆ ಇಟ್ಟುಕೊಂಡೆ, ಸೆರಗಿನೊಳಗೆ ಸುತ್ತಿಕೊಂಡೆ, ಎಲ್ಲಿಟ್ಟರೂ ಸರಿ ಬರಲಿಲ್ಲ.

ಅತ್ತೆ ಮೆಟ್ಟಿಲ ಮೇಲೆ ಕಾಯುತ್ತ ಕೂತಿದ್ದರು. ನಾನು ಒಬ್ಬಳೇ ಬಂದದ್ದು ನೋಡಿದರು.

"ಸುಮಿ ಎಲ್ಲಿ?"

"ಸುಮಿ ಕ್ವೆಟ್ಟಾದಾಗ ಹೋದ್ಲು ಅತ್ತಿ. ಅವರ ಅಪ್ಪನ ಜೋಡೀನಽ ಹೋದ್ಲು. ಇದು ಬ್ಯಾರೆಯವರ ಕೂಸು. ಅವರ ಮನೀಗೆ ಮುಟ್ಟಿಸಿ ಬಂದೆ."

ಗೋಡೆಯ ಬದಿಗೆ ನಾನೇ ಮಲಗಿಸಿದ್ದನ್ನೂ ಅಲ್ಲೇ ನಿಂತು ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು.

"ಯಾರದೋ ಕೂಸು ತಂದು ನನ್ನ ತೊಡಿ ಮ್ಯಾಲೆ ಇಟ್ಟಿ" ಎಂದರು. "ನಾ ಅದರ ಮುಖದಾಗ ನನ್ನ ಮಗನ್ನ ನೋಡಕೋತ ಕೂತಿದ್ದೆ, ನೀ ನೋಡಕೋತ ನಿಂತಿದ್ದಿ."

ಎದ್ದು ಒಳಗೆ ಹೋದರು. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನು ಬಡಿಸಿದ ತಾಟು ಮುಟ್ಟಲಿಲ್ಲ, ಶಾಂತಕ್ಕ ಬಡಿಸಿದರೆ ಎರಡು ತುತ್ತು. ಈ ಮನೆಯ ಋಣ ತೀರಿತು ಎಂದುಕೊಂಡೆ. ತವರಿಗೆ ಹೋಗೋಣವೆಂದರೆ ಅಲ್ಲಿ ಅಣ್ಣನ ಸಂಸಾರವೇ ಎರಡು ಖೋಲಿಯಲ್ಲಿ ಇಕ್ಕಟ್ಟಾಗಿತ್ತು. ಕೆಳಗಿನ ಕೋಣೆಗೆ ಹೋಗಿ ತೊಟ್ಟು ಮುರಿಯುತ್ತ ಕೂತೆ. ಈಗ ಅಳಲು ಯಾರ ಅಡ್ಡಿಯೂ ಇರಲಿಲ್ಲ, ಅಳುವೇ ಬರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಅತ್ತೆ ಗೋಡೆ ಹಿಡಿದು ಮೆಟ್ಟಿಲು ಇಳಿದು ಬಂದರು. ನನ್ನ ಎದುರಿಗೆ ಕೂತು ಒಂದು ಹಿಡಿ ಮೆಣಸಿನಕಾಯಿ ಮಡಿಲಿಗೆ ಎಳೆದುಕೊಂಡರು. ಬ್ಯಾಡಗಿಯ ಹೆಣ್ಣುಮಗಳು, ನಾನು ಒಂದು ಮುರಿಯುವುದರಲ್ಲಿ ಅವರು ನಾಲ್ಕು ಮುರಿಯುತ್ತಿದ್ದರು. ಕಾಯಿಯ ಮೇಲಿನ ಕಣ್ಣು ತೆಗೆಯದೆ ಕೇಳಿದರು:

"ಕೂಸು ಹೆಂಗಿತ್ತು?"

"ಯಾವ ಕೂಸ್ರಿ?"

"ನಮ್ಮದು."

ಎರಡು ತಿಂಗಳಲ್ಲಿ ನನ್ನನ್ನು ಯಾರೂ ಈ ಮಾತು ಕೇಳಿರಲಿಲ್ಲ. ಎಲ್ಲಿಂದ ಶುರು ಮಾಡಲಿ? ಹಿಮ ಬಿದ್ದಾಗ ಸಕ್ಕರಿ ಸಕ್ಕರಿ ಎಂದು ಬಾಯಿಗೆ ತುಂಬಿಕೊಂಡಿದ್ದಳು ಎಂದೆ. ಒಂಟೆ ಕಂಡರೆ ಅಂಜುತ್ತಿದ್ದಳು, ಆದರೂ ಒಂಟೆ ಬಂತೇನು ಎಂದು ದಿನಾ ಬಾಗಿಲಿಗೆ ಓಡುತ್ತಿದ್ದಳು. ಅಪ್ಪನ ಬೂಟಿನಲ್ಲಿ ಕಾಲಿಟ್ಟು ಕಚೇರಿಗೆ ಹೊರಟೆ ಎನ್ನುತ್ತಿದ್ದಳು. ನಿಮ್ಮ ಕಾಗದ ಬಂದರೆ ತಾನೇ ಓದುತ್ತೇನೆಂದು ತಿರುವು ಮುರುವು ಹಿಡಿದು, ಆಯಿ, ಆಯಿ ಎಂದು ಓದುತ್ತಿದ್ದಳು. ಅತ್ತೆ ತೊಟ್ಟು ಮುರಿಯುವುದನ್ನು ನಿಲ್ಲಿಸಿದ್ದರು.

"ನನ್ನ ಆಯಿ ಅಂತಿದ್ಲು?"

"ಹೌದ್ರಿ. ನೋಡದಿದ್ರೂ ಅಂತಿದ್ಲು."

"ಮೂಗು ಯಾರದಿತ್ತು? ಖರೇ ಹೇಳು."

"ನಿಮ್ಮದಽ ರೀ."

ಅವರು ಕೈ ಎತ್ತಿ ತಮ್ಮ ಮೂಗನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡರು, ಮೆಣಸಿನಕಾಯಿಯ ಕೈ ಎಂಬುದನ್ನು ಮರೆತು. ಸೆರಗಿನ ಗಂಟು ಬಿಚ್ಚಿ ಬೆಳ್ಳಿಯ ಕರಡಿಗೆ ತೆಗೆದು ನನ್ನ ಬಲಗೈಯಲ್ಲಿ ಇಟ್ಟು, ಬೆರಳು ಮಡಿಸಿ ಮುಚ್ಚಿ, ಮೇಲೆ ತಮ್ಮ ಕೈಯಿಂದ ಹಿಡಿದುಕೊಂಡರು. ಆಗ ಇಬ್ಬರಿಗೂ ಅಳು ಬಂತು.

ಸಂಜೆ ಭಾವ ಮಾಲು ನೋಡಲು ಒಳಗೆ ಬಂದರು. ನಾವು ಹಾಗೇ ಕೂತಿದ್ದೆವು, ಇಬ್ಬರ ಕಣ್ಣೂ ಊದಿ ಕೆಂಡದಂತಾಗಿದ್ದವು. ಮೂವತ್ತು ವರ್ಷ ಬ್ಯಾಡಗಿ ಕಾಯಿ ಮಾರಿದ ಮನುಷ್ಯ ಬಾಗಿಲಲ್ಲೇ ನಿಂತು, ಒಂದು ಮೆಣಸಿನಕಾಯಿ ಎತ್ತಿ ಮೂಸಿ ನೋಡಿ, ತಿರುಗಿ ಹೊರಗೆ ಹೋಗುತ್ತ ಹೇಳಿದರು:

"ಈ ಸಲದ ಮಾಲು ಭಾಳ ಖಾರ ಅದ."